ಮಂಕಿಯಲ್ಲೊಂದು ಡೆನ್ಮಾರ್ಕ್ ಕೊಲೆ

ವರದಿಗಾರನಿಗೆ ಸ್ವಂತ ಅಭಿಪ್ರಾಯ ಇರಬಾರದು. ಹೊನ್ನಾವರದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿ ಸೇರಿದಂದಿನಿಂದ ಈ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೆ. ಬಸ್ಸು ಗದ್ದೆಗೆ ಇಳಿದದ್ದನ್ನು ಕಣ್ಣಾರೆ ಕಂಡರೂ 'ಇಳಿದಿದೆ ಎನ್ನಲಾಗಿದೆ' ಎಂದೇ ಬರೆಯುತ್ತಿದ್ದೆ. ಮನೆಯಲ್ಲೂ ಅದೇ ಶಿಸ್ತು. ಸಾರಿಗೆ ಉಪ್ಪು ಸಾಕೇ ಎಂದು ಹೆಂಡತಿ ಸುಮಂಗಲಾ ಕೇಳಿದರೆ, "ಎರಡೂ ಕಡೆಯವರನ್ನು ವಿಚಾರಿಸದೆ ಹೇಳಲಾಗದು" ಎನ್ನುತ್ತಿದ್ದೆ.

"ಎರಡೂ ಕಡೆ ಅಂದ್ರೆ ಎಂತದ್ರೀ? ಒಂದು ಕಡೆ ನಾನು, ಇನ್ನೊಂದು ಕಡೆ ಉಪ್ಪಾ?" ಎಂದು ಅವಳು ಉಪ್ಪಿನ ಡಬ್ಬಿಯನ್ನೇ ನನ್ನ ಮುಂದೆ ಕುಕ್ಕುತ್ತಿದ್ದಳು.

ಇಷ್ಟು ನಿಷ್ಪಕ್ಷಪಾತಿಯಾದ ನಾನು, ಡೆನ್ಮಾರ್ಕ್ ದೇಶದ ಒಬ್ಬ ಕೊಲೆ ಆರೋಪಿಯ ಪರವಾಗಿ ಮೈಕ್ ಹಿಡಿದು ಕಣ್ಣೀರು ಹಾಕುವ ಮಟ್ಟಕ್ಕೆ ಹೇಗೆ ತಲುಪಿದೆ ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ.

ಸುಮಂಗಲಾಳ ತವರು ಹೊನ್ನಾವರದ ಹತ್ತಿರದ ಕಡಲಬದಿಯ ಊರು ಮಂಕಿ. ಅವಳ ತಮ್ಮ ಮಂಜು ಅಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ. ಮೊಬೈಲ್ ಇನ್ನೂ ಕೆಲವರ ಜೇಬಿನಲ್ಲಷ್ಟೇ ಇದ್ದ, ಡಿವಿಡಿ ಹೊಸದಾಗಿ ಬಂದಿದ್ದ ಕಾಲ ಅದು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರುತ್ತಿದ್ದವು; ಗಂಡಸರೆಲ್ಲ ಮನೆಯಲ್ಲಿ ಟಿವಿಯ ಮುಂದೆ ಲಂಗರು ಹಾಕುತ್ತಿದ್ದರು. ಮಂಜುವಿಗೆ ಅದು ಸುಗ್ಗಿ. ಆದರೆ ಆ ಸಲ ಪೇಟೆಯ ದೊಡ್ಡ ಕೇಬಲ್‌ನವನೊಬ್ಬ ಊರಿಗೆ ವಯರ್ ಎಳೆಯತೊಡಗಿದ್ದ. ದಿನಕ್ಕೊಂದು ಹೊಸ ಸಿನಿಮಾ ಹಾಕುತ್ತೇನೆಂದು ಮನೆಮನೆಗೆ ಹೇಳಿಕೊಂಡು ಹೋಗಿದ್ದ.

ಮಂಜು ಒಂದು ಬೆಳಿಗ್ಗೆ ನೆನೆದುಕೊಂಡು ನಮ್ಮ ಮನೆಗೆ ಬಂದ. "ಬಾವ, ಒಂದು ಉಪಕಾರ ಆಗ್ಬೇಕಾಗಿತ್ತು."

"ಸುದ್ದಿ ಹಾಕಬೇಕಾ?"

"ಅಲ್ಲ. ಕೊಲೆ ಹೇಳ್ಬೇಕು."

ವಿಷಯ ಇಷ್ಟು. ಹಡಗಿನಲ್ಲಿ ಕೆಲಸ ಮಾಡುವ ಅವನ ಗೆಳೆಯನೊಬ್ಬ ಯಾವುದೋ ಉತ್ತರದ ಬಂದರಿನಿಂದ ಡೆನ್ಮಾರ್ಕಿನ ಪತ್ತೇದಾರಿ ಧಾರಾವಾಹಿಯ ಡಿವಿಡಿಗಳನ್ನು ತಂದುಕೊಟ್ಟಿದ್ದ. ಮಾತು ಅವರ ಭಾಷೆಯಲ್ಲಿ, ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನು ಕೇಬಲ್‌ನಲ್ಲಿ ಬಿಡುವುದು, ನಾನು ಪಕ್ಕದಲ್ಲಿ ಕುಳಿತು ಮೈಕಿನಲ್ಲಿ ಕನ್ನಡದಲ್ಲಿ ಹೇಳುವುದು. ಕಥೆ ಮುಗಿಯುವವರೆಗೆ ಯಾರೂ ವಯರ್ ಬದಲಿಸುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

"ಕೇಬಲ್ ಹೋದ್ರೆ ನಂಗೆ ಬೇರೆ ದಾರಿ ಇಲ್ಲ ಬಾವ" ಎಂದ. ಅವನ ಮುಖ ನೋಡಿ ಒಪ್ಪಿಕೊಂಡೆ. ಕೈಗೆ ಬಿದ್ದ ಸುದ್ದಿಯನ್ನೆಲ್ಲ ಕನ್ನಡಕ್ಕೆ ಇಳಿಸುವ ನನಗೆ ಒಂದು ಕೊಲೆ ಯಾವ ಲೆಕ್ಕ!

ಕಥೆ ಸರಳವಾಗಿತ್ತು. ಚಳಿಯಿಂದ ಹೆಪ್ಪುಗಟ್ಟಿದ ಒಂದು ಬಂದರು. ಅಲ್ಲಿನ ಬೋಟ್ ಯಜಮಾನನೊಬ್ಬನ ಹೆಣ ಮೀನಿಗೆ ಹಾಕುವ ಐಸಿನ ಗೋದಾಮಿನಲ್ಲಿ ಸಿಗುತ್ತದೆ. ಸಂಶಯ ಅವನ ಹೆಂಡತಿಯ ಮೇಲೆ, ತಮ್ಮನ ಮೇಲೆ ಮತ್ತು ಮಗಳಿಗೆ ಪಾಠ ಹೇಳುತ್ತಿದ್ದ ಸಂಗೀತ ಮಾಸ್ತರನ ಮೇಲೆ. ತನಿಖೆಗೆ ಬರುವ ಅಧಿಕಾರಿಗೆ ಸದಾ ನೆಗಡಿ. ಸೀನುತ್ತಲೇ ಪ್ರಶ್ನೆ ಕೇಳುತ್ತಾನೆ.

ಮೊದಲ ಕಂತು ಮುಗಿಯುವ ಮೊದಲೇ ಮಂಜುವಿನ ಮನೆಯ ಫೋನು ಬಡಿದುಕೊಳ್ಳತೊಡಗಿತು.

"ಮಂಜು, ಚಿತ್ರ ಮಂಕಾಗಿ ಬತ್ತದೆ. ಬಣ್ಣ ಹಾಕಾ!"

"ಅಲ್ಲಿ ಹಗಲೂ ಹಾಂಗೇ ಇರ್ತದಂತೆ" ಎಂದ ಮಂಜು.

"ಹಾಂಗಾದ್ರೆ ಲೈಟಾರೂ ಹಾಕ್ಕಳ್ಲಿ. ಅವ್ರಿಗೂ ಕರೆಂಟ್ ಇಲ್ವಾ?"

ಇನ್ನೊಬ್ಬರ ಆಕ್ಷೇಪ ಗಂಭೀರವಾಗಿತ್ತು. "ಹೆಣ ಬಿದ್ದ ಮನೆ. ಒಬ್ರಾರೂ ಬಾಯಿಬಿಟ್ಟು ಅಳ್ತ್ರಾ? ನಾಲ್ಕು ನೆಂಟ್ರು ಬಂದ್ರಾ? ಇದೆಂತ ಸಾವು!" ಮತ್ತೊಬ್ಬರು, ಆ ದೇಶದಲ್ಲಿ ಯಾರೂ ಊಟ ಮಾಡುವುದಿಲ್ಲವೇ, ಬೆಳಗಿಂದ ಬರೀ ಕಾಪಿ ಕುಡಿಯುತ್ತಾರಲ್ಲ ಎಂದು ಮರುಗಿದರು. ನೆಗಡಿಯ ಅಧಿಕಾರಿಗೆ ಇಡೀ ಊರು 'ಶೀತದ ಸಾಹೇಬ' ಎಂದು ಹೆಸರಿಟ್ಟಿತು. ಅವನಿಗೆ ಕಾಳುಮೆಣಸಿನ ಕಷಾಯ ಕೊಡದ ಹೊರತು ಕೇಸು ಮುಂದೆ ಹೋಗುವುದಿಲ್ಲ ಎಂದು ಹೆಂಗಸರು ತೀರ್ಮಾನಿಸಿದರು.

ಇಷ್ಟೂ ಅಭಿಪ್ರಾಯವನ್ನು ಸಹಿಸಬಹುದಿತ್ತು. ಆದರೆ ಹೆಚ್ಚಿನವರ ಅಭಿಪ್ರಾಯ ಇದ್ದದ್ದು ನನ್ನ ಮೇಲೆ! ಮಂಕಿಗೆ ನಾನು ಅಳಿಯ. ಆದ್ದರಿಂದ ಅರ್ಧ ಊರಿಗೆ ಬಾವ. ಬಾವನನ್ನು ಗೇಲಿ ಮಾಡಲು ಅಲ್ಲಿ ಯಾರ ಅನುಮತಿಯೂ ಬೇಕಿಲ್ಲ.

"ಬಾವ, ಹೆಣ ಕಣ್ಣೆದುರಿಗೆ ಬಿದ್ಕಂಡದೆ. ನೀವು 'ಸತ್ತಿರಬಹುದೆಂದು ಶಂಕಿಸಲಾಗಿದೆ' ಅಂತ್ರಿ!" ಎಂದು ಒಬ್ಬ ಚಹದಂಗಡಿಯಲ್ಲೇ ನನ್ನನ್ನು ತಡೆದ.

"ವೈದ್ಯರ ವರದಿ ಬರುವವರೆಗೆ ಹಾಗೆಯೇ ಹೇಳಬೇಕು" ಎಂದೆ.

"ಹಾಂಗಾದ್ರೆ ಅವಳು ಅಂವನ ಹೆಂಡ್ತಿ ಹೌದೋ ಅಲ್ವೋ? 'ಪತ್ನಿ ಎಂದು ಹೇಳಿಕೊಳ್ಳುತ್ತಿರುವ ಮಹಿಳೆ' ಅಂದ್ರಲೆ, ನಮ್ಮನೆಲಿ ಅದೇ ದೊಡ್ಡ ಜಗಳ ಆಗೋತು!"

ಕೊನೆಯ ಹೊಡೆತ ದೇವಕ್ಕನಿಂದ ಬಂತು. ದೇವಕ್ಕ ಒಣಮೀನಿನ ವ್ಯಾಪಾರದವಳು. ಅವಳು ಯಾವ ಕೇಬಲ್ ಹಾಕಿಸುತ್ತಾಳೋ ಕಡಲಬದಿಯ ಕೇರಿಯೆಲ್ಲ ಅದನ್ನೇ ಹಾಕಿಸುತ್ತದೆ. ಅವಳು ಮಂಜುವಿನ ಅಂಗಳಕ್ಕೇ ಬಂದು ನಿಂತಳು.

"ಮಂಜು, ಕಥೆ ಚಲೋ ಅದೆ. ಹೇಳೂದು ಸಪ್ಪೆ. ಬಾವ ಯಾರ ಬದಿಗೂ ಮಾತಾಡೂದಿಲ್ಲ. ಮಾತಲ್ಲಿ ಸ್ವಲ್ಪ ಖಾರ ಬೇಕು. ಇಲ್ದಿದ್ರೆ ಮುಂದಿನ ವಾರ ನಾನು ಆ ಪೇಟೆಯವ್ನ ವಯರ್ ಹಾಕ್ಸತೆ. ಆತು?"

ಅವಳು ಹೋದ ಮೇಲೆ ಮಂಜು ತಲೆ ಮೇಲೆ ಕೈ ಹೊತ್ತು ಕುಳಿತ. "ದೇವಕ್ಕ ಹೋದ್ರೆ ಕೇರಿಯೇ ಹೋತದೆ. ಎಂತ ಮಾಡ್ವ ಬಾವ?"

ಉಪಾಯ ಹೊಳೆದದ್ದು ನನಗೇ. ಇದಕ್ಕೆ ಬೇರೆ ಯಾರನ್ನೂ ಹೊಣೆ ಮಾಡುವಂತಿಲ್ಲ. ಕೊನೆಯ ಕಂತಿಗೆ ಮೊದಲು ಒಂದು ತಾಳಮದ್ದಳೆ ಇಡೋಣ ಎಂದೆ! ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಕುಳಿತವರು ಪಾತ್ರವಾಗಿ ವಾದ ಮಾಡುತ್ತಾರೆ. ಎಂಥ ದುಷ್ಟನ ಪಾತ್ರ ಸಿಕ್ಕರೂ ಅವನನ್ನು ಕೊನೆಯವರೆಗೆ ಸಮರ್ಥಿಸಲೇಬೇಕು; ಅದು ಆ ಕಲೆಯ ಮರ್ಯಾದೆ. ನಿವೃತ್ತ ಪೋಸ್ಟ್‌ಮಾಸ್ಟರ್ ಭಟ್ಟರು ಅದರಲ್ಲಿ ಪಳಗಿದವರು. ಅವರು ಶೀತದ ಸಾಹೇಬನ ಪಾತ್ರ ಆರಿಸಿಕೊಂಡರು. ನನ್ನ ಪಾಲಿಗೆ ಬಂದವನು ಸಂಗೀತ ಮಾಸ್ತರ.

ಯಾರೂ ಅವನನ್ನು ಮುಟ್ಟಲು ಸಿದ್ಧರಿರಲಿಲ್ಲ. ಏಕೆಂದರೆ ಮೊದಲ ದಿನದಿಂದಲೂ ಇಡೀ ಮಂಕಿಗೆ ಅವನ ಮೇಲೆ ಗುಮಾನಿ. ಕಾರಣ? ಒಬ್ಬನೇ ಗಂಡಸು ಇರುವ ಮನೆ ಅಷ್ಟು ಚೊಕ್ಕಟವಾಗಿರುವುದು ಸಾಧ್ಯವಿಲ್ಲವಂತೆ! ಸುಮಂಗಲಾಳದ್ದೂ ಇದೇ ಮತ. "ಕುಡಿದ ಕೂಡ್ಲೆ ಕಪ್ ತೊಳೆದು ಇಡ್ತಾ. ಅಂವ ಏನೋ ಮುಚ್ಚಿಡ್ತಾ ಇದ್ದ. ನೀವು ಎಂದಾದ್ರೂ ಕಪ್ ತೊಳೆದದ್ದು ಇದ್ದಾ?"

"ಇದು ಸಾಕ್ಷ್ಯವಲ್ಲ" ಎಂದೆ.

"ನಿಮ್ಮ ಬಗ್ಗೆ ಹೌದು" ಎಂದಳು.

ಕೊನೆಯ ಡಿಸ್ಕನ್ನು ಮೊದಲೇ ನೋಡಿಬಿಡಬಹುದಿತ್ತು. ಮಂಜು ಅದನ್ನು ಅತ್ತೆಯವರ ಕಪಾಟಿನಲ್ಲಿ ಇಟ್ಟು ಬೀಗ ಹಾಕಿಸಿದ್ದ. ಕೇಳಿದ್ದರೆ ಅತ್ತೆ ಅಳಿಯನಿಗೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ನಡೆಯುವ ಮೊದಲೇ ಸುದ್ದಿ ತಿಳಿಯುವುದು ವೃತ್ತಿಧರ್ಮವಲ್ಲ ಎಂದು ನಾನೇ ಬೇಡವೆಂದೆ. ನನ್ನ ವೃತ್ತಿಧರ್ಮಕ್ಕೆ ನನ್ನ ಮೇಲೆ ಏನು ಹಗೆಯೋ!

ತಾಳಮದ್ದಳೆ ಮಂಜುವಿನ ಜಗುಲಿಯಲ್ಲಿ ನಡೆಯಿತು. ಅಂಗಳದ ತಗಡಿನ ಮಾಡಿನ ಕೆಳಗೆ ಜನ ತುಂಬಿದ್ದರು. ಮಂಜು ಒಂದು ಕ್ಯಾಮೆರಾ ಇಟ್ಟಿದ್ದರಿಂದ ಉಳಿದವರು ಮನೆಯಲ್ಲಿ ಕೇಬಲ್‌ನಲ್ಲಿ ನೋಡುತ್ತಿದ್ದರು. ಭಟ್ಟರು ಕೈಯಲ್ಲಿ ಕರವಸ್ತ್ರ ಹಿಡಿದು ಒಮ್ಮೆ ಭರ್ಜರಿಯಾಗಿ ಸೀನಿದರು. ಆ ಒಂದು ಸೀನಿಗೇ ಚಪ್ಪಾಳೆ ಬಿತ್ತು.

"ಎಲೈ ಸಂಗೀತ ಮಾಸ್ತರನೇ! ಯಜಮಾನನ ಕೊಲೆಯಾದ ಹೊತ್ತಿನಲ್ಲಿ ನೀನು ಎಲ್ಲಿದ್ದೆ?"

"ಎಲೈ ಮೂಗು ಸೋರುವ ಅಧಿಕಾರಿಯೇ!" ಎಂದು ನಾನು ಶುರುಮಾಡಿದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ಆ ಹೊತ್ತಿನಲ್ಲಿ ನಾನು ಏಸುವಿನ ಇಗರ್ಜಿಯಲ್ಲಿ ಕುಳಿತು ಗೋಡೆಯಷ್ಟು ದೊಡ್ಡ ಹಾರ್ಮೋನಿಯಂ ನುಡಿಸುತ್ತಿದ್ದೆ. ಇಡೀ ಬಂದರು ಅದನ್ನು ಕೇಳಿದೆ!"

"ಕೇಳಿದವರಿದ್ದಾರೆ. ನೋಡಿದವರು ಯಾರು?"

"ರೇಡಿಯೋದಲ್ಲಿ ವಾರ್ತೆ ಓದುವವರನ್ನು ನೀನು ನೋಡಿದ್ದೀಯಾ? ಹಾಗಾದರೆ ವಾರ್ತೆಯನ್ನು ಯಾರೂ ಓದಲೇ ಇಲ್ಲವೋ?"

ಅಂಗಳ ಶಿಳ್ಳೆ ಹೊಡೆಯಿತು. ಭಟ್ಟರು ಮತ್ತೊಮ್ಮೆ ಸೀನಿದರು. ನಾನು ಬಿಡಲಿಲ್ಲ. ಅನಾಥ ಬೆಕ್ಕುಗಳಿಗೆ ಹಾಲೆರೆಯುವ ಕೈ ಇದು ಎಂದೆ. ತನ್ನ ಕಪ್ಪನ್ನು ತಾನೇ ತೊಳೆಯುವವನು ಕೊಲೆಗಾರನಾದರೆ ಈ ಲೋಕದ ಹೆಂಗಸರೆಲ್ಲ ಏನಾಗಬೇಕು ಎಂದೆ. ಹೆಂಗಸರ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ನನಗೂ ಕಣ್ಣು ತುಂಬಿತು. ದೇವಕ್ಕ ಮುಂದಿನ ಸಾಲಿನಿಂದ "ಈಗ ಬಂತು ನೋಡು ಖಾರ!" ಎಂದಳು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅಷ್ಟರಲ್ಲಿ ಮದ್ದಳೆ ಧೀಂ ಎಂದಿತು. ಮನುಷ್ಯನ ಬುದ್ಧಿ ಹಾಳಾಗಲು ಅದಕ್ಕಿಂತ ಹೆಚ್ಚಿನದು ಬೇಡ. ಮಂಕಿಯಲ್ಲಿ ಕೇಬಲ್ ವಯರ್ ಹಾದುಹೋಗುವುದು ತೆಂಗಿನ ಮರದಿಂದ ತೆಂಗಿನ ಮರಕ್ಕೆ. ನಾನು ಎದ್ದುನಿಂತು, ಕೈಯೆತ್ತಿ, ಶಪಥ ಮಾಡಿದೆ: "ಈ ಮಾಸ್ತರ ಕೊಲೆಗಾರನೆಂದು ನಾಳೆ ರುಜುವಾತಾದರೆ, ಈ ಮಳೆಗಾಲ ಮುಗಿಯುವವರೆಗೆ ಮಂಕಿಯಲ್ಲಿ ವಯರ್ ಎಲ್ಲೇ ಹರಿಯಲಿ, ನಾನೇ ಬಂದು ಮರ ಹತ್ತಿ ಜೋಡಿಸುತ್ತೇನೆ!"

ಸುಮಂಗಲಾ ಹಣೆ ಚಚ್ಚಿಕೊಂಡದ್ದು ಟಿವಿಯಲ್ಲೂ ಸ್ಪಷ್ಟವಾಗಿ ಕಂಡಿತಂತೆ.

ಮರುದಿನ ಸಂಜೆ ಕೊನೆಯ ಕಂತು. ಅತ್ತೆ ಕಪಾಟು ತೆರೆದು ಡಿಸ್ಕನ್ನು ಹರಿವಾಣದಲ್ಲಿ ಇಟ್ಟು ತಂದರು. ನಾನು ವಿಜಯಿಯ ಠೀವಿಯಲ್ಲಿ ಮೈಕ್ ಮುಂದೆ ಕುಳಿತೆ. ಅಂಗಳದಲ್ಲಿ ಮತ್ತೆ ಜನ. ತೆರೆಯ ಮೇಲೆ ಶೀತದ ಸಾಹೇಬ ಇಗರ್ಜಿಯೊಳಗೆ ಹೋದ. ಹಾರ್ಮೋನಿಯಂ ತನ್ನಷ್ಟಕ್ಕೆ ಕೇಳಿಸುತ್ತಿತ್ತು. ಅವನು ಸೀನಲಿಲ್ಲ. ಪರದೆ ಸರಿಸಿದ.

ನಾನು ಮೈಕನ್ನು ಅಂಗೈಯಿಂದ ಮುಚ್ಚಿದೆ.

"ಬಾವ, ಹೇಳಿ" ಎಂದು ಮಂಜು ಪಕ್ಕೆಗೆ ತಿವಿದ.

"ಪರದೆಯ ಹಿಂದೆ ಒಂದು ಯಂತ್ರ ಪತ್ತೆಯಾಗಿದೆ" ಎಂದೆ ಮೈಕಿನಲ್ಲಿ. "ಅದು ಯಾವ ಯಂತ್ರವೆಂದು ಖಚಿತವಾಗಿಲ್ಲ."

"ಟೇಪ್ ರೆಕಾರ್ಡರ್!" ಎಂದು ಇಡೀ ಅಂಗಳ ಕೂಗಿತು.

ಮುಂದೆ ಮಾಸ್ತರ ತಪ್ಪೊಪ್ಪಿಕೊಳ್ಳತೊಡಗಿದ. ಸಂಕ್ಷಿಪ್ತವಾಗಿಯಾದರೂ ಹೇಳಬಾರದೇ? ಹೊಂಚು ಹಾಕಿದ್ದು, ಹೊಡೆದದ್ದು, ಹೆಣವನ್ನು ಐಸಿನಲ್ಲಿ ಹೂತದ್ದು, ಎಲ್ಲವನ್ನೂ ವಿವರವಾಗಿ ಹೇಳಿದ. ನನ್ನ ಕಕ್ಷಿದಾರನ ಪಾಪವನ್ನು ನಾನೇ ಕನ್ನಡಕ್ಕೆ ಇಳಿಸಬೇಕಾಯಿತು. ಒಂದು ಹಂತದಲ್ಲಿ "ಪೊಲೀಸರ ಒತ್ತಡಕ್ಕೆ ಮಣಿದು ಹೀಗೆ ಹೇಳುತ್ತಿರುವಂತಿದೆ" ಎಂದು ಸೇರಿಸಿ ನೋಡಿದೆ. ಅಂಗಳದಲ್ಲಿ ಎದ್ದ ನಗೆಗೆ ಡೆನ್ಮಾರ್ಕಿನವರ ಮಾತು ಕೇಳಿಸಲೇ ಇಲ್ಲ.

ಅದರ ಮರುದಿನ ಬೆಳಿಗ್ಗೆಯೇ ಮಂಜುವಿನ ಫೋನು. "ಬಾವ, ದೇವಕ್ಕನ ಮನೆ ಹತ್ರ ವಯರ್ ಹರಿದದೆಯಂತೆ. ನೀವೇ ಬರ್ಬೇಕಂತೆ. ಬರ್ದಿದ್ರೆ ಪೇಟೆಯವ್ನಿಗೆ ಹೇಳ್ತ್ರಂತೆ."

ಹೋದೆ. ಸುಮಂಗಲಾಳೂ ಹಿಂದೆಯೇ ಹೊರಟಳು. ಮಳೆ ಬಿಟ್ಟಿತ್ತು. ಮರದ ಸುತ್ತ ಜನ ಮನೆಯಿಂದ ಕುರ್ಚಿ ತಂದು ಕುಳಿತಿದ್ದರು. ವಯರ್ ನೋಡಿದೆ. ಅದು ಹರಿದದ್ದಲ್ಲ, ಮೀನು ಕೊಯ್ಯುವ ಕತ್ತಿಯಿಂದ ನೀಟಾಗಿ ಕೊಯ್ದದ್ದು! ದೇವಕ್ಕನ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

ಯಾರೋ ನನ್ನ ಕಾಲಿಗೆ ಮರ ಹತ್ತುವವರು ಹಾಕಿಕೊಳ್ಳುವ ಹಗ್ಗದ ಬಳೆ ತೊಡಿಸಿದರು. ಹತ್ತಿದೆ. ಹತ್ತಿದೆ ಎಂಬುದು ನನ್ನ ಅಭಿಪ್ರಾಯ. ಕೆಳಗಿದ್ದವರ ಪ್ರಕಾರ ನಾನು ಮರವನ್ನು ಅಪ್ಪಿಕೊಂಡೆ, ಅಷ್ಟೇ. ನನ್ನ ಕಾಲು ಅವರ ತಲೆಯ ಮಟ್ಟ ದಾಟುವಷ್ಟರಲ್ಲಿ ಮೇಲೂ ಹೋಗಲಾರೆ, ಕೆಳಗೂ ಬರಲಾರೆ ಎಂಬ ಸ್ಥಿತಿ. ಕೆಂಪಿರುವೆಗಳು ಅಂಗಿಯೊಳಗೆ ತನಿಖೆ ಆರಂಭಿಸಿದವು.

"ಬಾವ, ಎಡಗಾಲು ಮೇಲೆ!"

"ಬೇಡ, ಬಲಗಾಲು! ಬಾವ, ಎರಡೂ ಕಡೆಯವ್ರನ್ನ ಕೇಳಿ ಆಮೇಲೆ ಎತ್ತಿ!"

ಭಟ್ಟರು ಕುರ್ಚಿಯಿಂದಲೇ ಘರ್ಜಿಸಿದರು: "ಎಲೈ ಮಾಸ್ತರನೇ! ಈಗ ನೀನು ಎಲ್ಲಿದ್ದೀಯೆ?"

ಕೊನೆಗೆ ಮಂಜು ಏಣಿ ತಂದು ನನ್ನನ್ನು ಹಲಸಿನ ಹಣ್ಣಿನಂತೆ ಕೆಳಗಿಳಿಸಿದ. ತಾನೇ ಮೇಲೆ ಹೋಗಿ ಕ್ಷಣದಲ್ಲಿ ವಯರ್ ಜೋಡಿಸಿ ಬಂದ. ಸುಮಂಗಲಾ ನನ್ನ ಬೆನ್ನಿನಿಂದ ಇರುವೆ ಆರಿಸುತ್ತಿದ್ದಳು. ಒಂದೊಂದು ಇರುವೆಗೂ ಒಮ್ಮೆ ನಗುತ್ತಿದ್ದಳು. ದೇವಕ್ಕ ಎದ್ದು ಸೀರೆ ಕೊಡವಿಕೊಂಡಳು.

"ಮಂಜು, ನನ್ನ ವಯರ್ ನಿನ್ನ ಹತ್ರನೇ ಇರ್ಲಿ. ಪೇಟೆಯಂವ ಇಂತಾದ್ದು ತೋರ್ಸುಕೆ ಆತದಾ?"

ಕೇರಿಯ ಒಂದು ಮನೆಯೂ ಆ ಮಳೆಗಾಲದಲ್ಲಿ ಕೇಬಲ್ ಬದಲಿಸಲಿಲ್ಲ. ವಯರ್‌ಗಳು ಮಾತ್ರ ಅದೇಕೋ ಆಗಾಗ, ಅದೂ ನಾನು ಹೆಂಡತಿಯ ತವರಿಗೆ ಹೋದ ದಿನವೇ, ಹರಿಯುತ್ತಿದ್ದವು. ಒಂದು ದಿನ ಹತ್ತಿರದ ಊರು ಮಾವಳ್ಳಿಯಿಂದಲೂ ಮಂಜುವಿಗೆ ಫೋನು ಬಂತು. ನಮ್ಮೂರಿಗೂ ಕೇಬಲ್ ಕೊಡುತ್ತೀಯಾ ಎಂದು ವಿಚಾರಿಸಿದರಂತೆ. ಮಂಜು ಖುಷಿಯಿಂದ, ಅದೇ ಹಡಗಿನ ಗೆಳೆಯ ಹೊಸ ಪತ್ತೇದಾರಿ ಧಾರಾವಾಹಿ ತರುವವನಿದ್ದಾನೆ, ಮೊದಲು ನಿಮ್ಮಲ್ಲೇ ಹಾಕುತ್ತೇನೆ ಎಂದನಂತೆ.

ಆ ಕಡೆಯಿಂದ ಬಂದ ಉತ್ತರವನ್ನು ಅವನು ನನಗೆ ಯಥಾವತ್ತಾಗಿ ತಲುಪಿಸಿದ: "ಧಾರಾವಾಹಿ ಎಲ್ಲ ಬೇಡ ಮಾರಾಯ. ಬಾವನ್ನ ಕಳ್ಸು, ಮರ ನಮ್ಮಲ್ಲೇ ಅದೆ."