ಎತ್ತರದ ಹಲಗೆಯ ಸಕ್ಕರೆ ಡಬ್ಬ

ಅಡುಗೆಮನೆಯ ಕಪಾಟು ಮಾಡುವುದರಲ್ಲಿ ಬಡಗಿರಾಯರದು ಎತ್ತಿದ ಕೈ. "ಮರ ಅಳೆಯೋದು ಆಮೇಲೆ. ಮೊದಲು ಬಳಸೋರ ಮನಸ್ಸು ಅಳೀಬೇಕು" ಎಂದು ಗಿರಾಕಿಗಳ ಮುಂದೆ ಭಾಷಣ ಬಿಗಿಯುತ್ತಿದ್ದರು. ಅಂಥ ಮಹಾಶಯರ ಮನೆಯಲ್ಲೇ ಸಕ್ಕರೆ ಡಬ್ಬ ಮಾತ್ರ ಅವರ ಮದುವೆಯ ಕಾಲದಿಂದಲೂ ಸೂರಿಗೆ ತಾಗುವಂಥ ಹಲಗೆಯ ಮೇಲೆ ಕೂತಿತ್ತು. ಹೆಂಡತಿಯೋ ಕುಳ್ಳಿ. (ಈ ಮಾತನ್ನು ರಾಯರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು. ಜೀವದ ಮೇಲೆ ಆಸೆಯಿತ್ತು.)

"ರೀ, ಬನ್ನಿ ಇಲ್ಲಿ, ಡಬ್ಬ ಇಳಿಸಿಕೊಡಿ" ಎಂದು ದಿನವೂ ಕರೆ ಬರುತ್ತಿತ್ತು. ರಾಯರು ಗೊಣಗುತ್ತಲೇ ಏಳುತ್ತಿದ್ದರು.

ಈ ಪೀಡೆಯನ್ನು ಕಳೆಯಲೆಂದು, ಹೆಂಡತಿ ತಂಗಿಯ ಮನೆಗೆ ಹೋದ ಸಮಯ ನೋಡಿ, ಹಲಗೆ ಕಿತ್ತು ಹಿತ್ತಲಿಗೆಸೆದು ಎಲ್ಲವೂ ಅವಳ ಕೈಗೆಟುಕುವಂತೆ ಹೊಸ ಕಪಾಟು ಕೂರಿಸಿದರು.

ವಾಪಸು ಬಂದ ಹೆಂಡತಿ ಒಂದೊಂದೇ ಬಾಗಿಲು ತೆರೆದು ಮುಚ್ಚಿ, "ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಹೋಗಿತ್ತು?" ಎಂದಳು. ರಾಯರು ಉಬ್ಬಿಹೋದರು.

ಮರುದಿನದಿಂದ ಕರೆ ನಿಂತಿತು. ರಾಯರು ಪತ್ರಿಕೆಯ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರು. ಹೊಸದಾಗಿ ಮದುವೆಯಾದಾಗ ಮನೆ ತುಂಬ ಜನ, ಹೆಂಡತಿಯೊಡನೆ ಎರಡು ಮಾತಾಡಲು ಮೂಲೆಯಿರಲಿಲ್ಲ. ಆಗ ಆ ಡಬ್ಬವೇ ನೆಪ. "ಒಂದು ಡಬ್ಬ ಇಳಿಸೋಕೆ ಎಷ್ಟು ಹೊತ್ತೋ?" ಎಂದು ಅಮ್ಮ ನಡುಮನೆಯಿಂದ ಕೂಗಿದರೂ ಅದು ಬೇಗ ಇಳಿಯುತ್ತಿರಲಿಲ್ಲ. ಆ ದಿನಗಳ ನೆನಪಾಗಿ ರಾಯರಿಗೆ ಸಂಕಟವಾಯಿತು. ಎದ್ದು ಅಡುಗೆಮನೆಗೆ ಹೋದರು.

"ಏನಾದ್ರೂ ಇಳಿಸ್ಬೇಕಾ?"

"ಎಲ್ಲ ಕೈಗೇ ಸಿಗತ್ತೆ. ಅಡ್ಡ ನಿಲ್ಲಬೇಡಿ."

ರಾಯರು ನೆಟ್ಟಗೆ ಹಿತ್ತಲಿಗೆ ಹೋಗಿ ಹಳೆಯ ಹಲಗೆ ತಂದು, ಮೊದಲಿನ ಜಾಗದಲ್ಲೇ ಮೊಳೆ ಹೊಡೆಯತೊಡಗಿದರು.

"ಅಯ್ಯೋ, ಇದು ಯಾರಿಗೆ?"

"ಬಳಸೋರಿಗೆ."

"ನಾನಂತೂ ಬಳಸಲ್ಲ."

ರಾಯರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ತಲೆ ಕೆರೆದುಕೊಂಡರು. "ನನಗೇ ಕಣೇ. ನೀನು ಕರೀದಿದ್ರೆ ಹೊತ್ತೇ ಹೋಗಲ್ಲ."

ಹೆಂಡತಿ ಸೆರಗಿನಲ್ಲಿ ನಗು ಒರೆಸಿಕೊಂಡು, ಹಳೆಯ ಡಬ್ಬಕ್ಕೆ ಏನೋ ಹಾಕಿ ಮುಚ್ಚಿ ಕೈಗಿತ್ತಳು. ರಾಯರು ಅದನ್ನು ಮೇಲಿಟ್ಟರು.

ಮರುದಿನ ಕರೆ ಬಂತು. "ರೀ, ಬನ್ನಿ ಇಲ್ಲಿ!" ರಾಯರು ಓಡಿಯೇ ಬಂದು ಡಬ್ಬ ಇಳಿಸಿ ಮುಚ್ಚಳ ತೆಗೆದರೆ ಒಳಗೆ ತರಕಾರಿ ಹೆಚ್ಚುವ ಚಾಕು.

"ಸಕ್ಕರೆ ಎಲ್ಲೇ?"

"ಕೆಳಗಿದೆ. ನೀವು ಬಂದಿದ್ದು ಮಾತಾಡೋಕೆ ತಾನೇ? ಬಾಯಿ ಜೊತೆ ಕೈಯೂ ಆಡಲಿ" ಎಂದು ಅವಳು ಈರುಳ್ಳಿಯ ಬುಟ್ಟಿಯನ್ನು ಮುಂದೆ ತಳ್ಳಿದಳು.

ರಾಯರು ಸಂತೋಷದಿಂದಲೇ ಕೂತು ಕಣ್ಣೊರೆಸಿಕೊಳ್ಳುತ್ತ ಬುಟ್ಟಿ ಪೂರ್ತಿ ಹೆಚ್ಚಿದರು. ಸಣ್ಣಗೆ ಬೇಕೋ ದಪ್ಪಗೆ ಬೇಕೋ ಎಂದು ಒಂದು ಮಾತು ಕೇಳಬಾರದಿತ್ತೇ ಎಂದು ಸಂಜೆಯವರೆಗೂ ಬೈಸಿಕೊಂಡರು.