ನಮ್ಮ ಎಮ್ಮೆ ನೇಪಾಳದ ನೋಟಾದದ್ದು

೧೯೮೩ನೇ ಇಸವಿ, ನವೆಂಬರ್ ೧೨, ಶನಿವಾರ. ಬೆಳಿಗ್ಗೆ ಆರು ಗಂಟೆ ಹದಿನೈದು ನಿಮಿಷ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಮ್ಮ ಓಣಿಯ ಬಾಯಿಗೆ ನಿಂತಿದ್ದ ಯಾತ್ರೆಯ ಬಸ್ಸಿನ ಮೆಟ್ಟಿಲ ಮೇಲೆ ನನ್ನನ್ನು ಖಜಾಂಚಿ ಎಂದು ಘೋಷಿಸಲಾಯಿತು. ನನ್ನ ಜೀವನದಲ್ಲಿ ಈವರೆಗೆ ನನಗೆ ಸಿಕ್ಕ ಅತ್ಯುನ್ನತ ಪದವಿ ಅದು. ಹದಿಮೂರು ದಿನ ಬಾಳಿತು.

ಬಸ್ಸು ಮೊದಲು ನೇಪಾಳಕ್ಕೆ ಹೋಗಿ ಪಶುಪತಿನಾಥನ ದರ್ಶನ ಮಾಡಿಸುವುದು, ಬರುವಾಗ ಕಾಶಿಯಲ್ಲಿ ಎರಡು ದಿನ ನಿಲ್ಲುವುದು ಎಂದು ಏರ್ಪಾಡು. ಏರ್ಪಾಡು ಮಾಡಿದವರು ನಮ್ಮ ಓಣಿಯ ಶಿವಪ್ಪ ಕಾಕಾ. ಅವರು ಬಸ್ಸಿನ ಮಂದಿಗೆಲ್ಲ ಕೇಳುವಂತೆ ಕೂಗಿದರು:

"ಬ್ಯಾರೆ ದೇಶಕ್ಕ ಹೊಂಟೀವಿ. ಅಲ್ಲಿ ರೊಕ್ಕ ಬ್ಯಾರೆ. ಬದಲಿ ಮಾಡ್ಸೂ ಕೆಲಸ ನಮ್ಮ ಮಲ್ಲಪ್ಪಂದು. ಅಂವ ದಿನಾ ಡೈರಿ ಬರೀತಾನ. ಮುಂಜಾನಿ ಎಷ್ಟಕ್ಕ ಹಲ್ಲು ತಿಕ್ಕಿದಾ ಅನ್ನೂದೂ ಬರದಿಡ್ತಾನ. ಇಂಥಾ ಮನಷ್ಯಾನ ಕೈಯಾಗ ರೊಕ್ಕ ಕಳಿಯೂದಿಲ್ಲ."

ಅವರ ಮಾತು ನಿಜವಾಯಿತು. ರೊಕ್ಕ ಕಳೆಯಲಿಲ್ಲ. ಇವತ್ತಿಗೂ ನನ್ನ ಹತ್ತಿರವೇ ಇದೆ. ಅದೇ ನನ್ನ ತೊಂದರೆ!

ನಮ್ಮ ಕಡೆ ತಾಯಿಗೆ ಅವ್ವ ಎನ್ನುತ್ತೇವೆ, ಅಜ್ಜಿಗೆ ಅಮ್ಮ. ಯಾತ್ರೆಗೆ ನನ್ನ ಜೊತೆ ಬಂದವರು ಅಮ್ಮ ಮತ್ತು ನನ್ನ ಹೆಂಡತಿ ಗಿರಿಜಾ. ಅಮ್ಮನಿಗೆ ನೇಪಾಳದ ಚಿಂತೆ ಇರಲಿಲ್ಲ, ಕಾಶಿಯದಿತ್ತು. ನನ್ನ ಮುತ್ಯಾ, ಅಂದರೆ ಅಜ್ಜ, ಸಾಯುವವರೆಗೂ "ಕಾಶಿ ನೋಡ್ಬೇಕು" ಎನ್ನುತ್ತಲೇ ಇದ್ದು ನೋಡದೆ ಹೋಗಿದ್ದರು. ಅವರ ಹೆಸರಿನಲ್ಲಿ ಕಾಶಿಯೊಳಗೆ ಐವತ್ತು ಮಂದಿಗೆ ಊಟ ಹಾಕಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಳು. ಅದಕ್ಕಾಗಿ ತಾನು ಸಾಕಿದ ಮುದಿ ಎಮ್ಮೆಯನ್ನು ಮಾರಿದ್ದಳು. ಒಬ್ಬರಿಗೆ ಊಟ, ದಕ್ಷಿಣೆ ಸೇರಿ ಹನ್ನೆರಡು ರೂಪಾಯಿ ಆಗುತ್ತದೆಂದು ಶಿವಪ್ಪ ಕಾಕಾ ವಿಚಾರಿಸಿ ಹೇಳಿದ್ದರು. ಅಮ್ಮ ಆರುನೂರು ರೂಪಾಯಿ ನನ್ನ ಕೈಗಿಟ್ಟಳು.

"ತಮ್ಮಾ, ಇದು ರೊಕ್ಕಲ್ಲ, ನನ್ನ ಎಮ್ಮಿ. ಹುಷಾರಾಗಿ ಹೊಡಕೊಂಡು ಹೋಗು. ಇದು ಕಾಶಿಯಾಗ ಹಾಲು ಕೊಡಬೇಕು."

"ನೀ ಚಿಂತಿ ಬಿಡಮ್ಮಾ," ಎಂದೆ. ಆ ದಿನದ ಡೈರಿಯಲ್ಲಿ 'ಅಮ್ಮನಿಗೆ ಅಭಯ ನೀಡಲಾಯಿತು' ಎಂದು ಬರೆದಿದ್ದೇನೆ. ಈಗ ಆ ಪುಟ ತೆರೆಯುವುದಿಲ್ಲ.

ಹಣ ಬದಲಿ ಮಾಡುವುದು ಅಮ್ಮನಿಗೆ ಹೊಸದೇನಲ್ಲ. ಅವಳ ಕಾಲದಲ್ಲಿ ನಮ್ಮ ಕೊಪ್ಪಳ ನಿಜಾಮನ ರಾಜ್ಯ. ನಮ್ಮದು ಹಾಲಿ ಸಿಕ್ಕಾ ಎಂಬ ನಿಜಾಮನ ನಾಣ್ಯ. ತುಂಗಭದ್ರಾ ದಾಟಿ ಹೊಸಪೇಟೆಗೆ ಕಾಲಿಟ್ಟರೆ ಇಂಗ್ಲಿಷರ ಕಲ್ದಾರ ರೂಪಾಯಿ. ಒಂದು ಸೀರೆ ತರಲು ಹೋಗಬೇಕಾದರೂ ಮೊದಲು ಹಣ ಬದಲಿಸಬೇಕು. ಬಸ್ಸಿನಲ್ಲಿ ಅವಳು ನನಗೆ ಆ ವಿದ್ಯೆ ಹೇಳಿಕೊಟ್ಟಳು.

"ಹೊಳಿ ದಾಟೂಕಿಂತ ಮೊದ್ಲ ಬದಲಿ ಮಾಡ್ಕೋಬೇಕು ನೋಡು. ಏಳು ಹಾಲಿ ಕೊಟ್ರ ಆರು ಕಲ್ದಾರ ಕೊಡತಿದ್ರು. ದಾಟಿದ ಮ್ಯಾಲೆ ಕೇಳಿದ್ಯೋ, ಚರ್ಮ ಸುಲೀತಿದ್ರು. ನಿನ್ನ ಮುತ್ಯಾ ಒಮ್ಮೆ ಮರತು ದಾಟಿ, ಹೊಸಪೇಟಿಯಾಗ ಇಡೀ ದಿನ ಉಪಾಸ ಕುಂತು ಬಂದಿದ್ದ."

ನಾನು ನಕ್ಕೆ. ಮುತ್ಯಾ ಡೈರಿ ಬರೆಯುತ್ತಿರಲಿಲ್ಲ, ಪಾಪ.

ನವೆಂಬರ್ ೧೭, ಗುರುವಾರ ಗಡಿ ತಲುಪಿದೆವು. ನಮ್ಮ ಕಡೆಯೇ ಹಣ ಬದಲಿಸುವವರು ಮೇಜು ಹಾಕಿಕೊಂಡು ಕುಳಿತಿದ್ದರು. ನೂರಕ್ಕೆ ನೂರಾ ನಲವತ್ತೈದು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಬಜೆಟ್ ಮಂಡಿಸುವ ಮಂತ್ರಿಯಂತೆ ಈ ವಿಷಯ ಪ್ರಕಟಿಸಿದೆ. ಬಸ್ಸಿನಲ್ಲಿ ಹರ್ಷೋದ್ಗಾರ! ಐದು ದಿನ ಕೂತು ಸೊಂಟ ನೋಯಿಸಿಕೊಂಡವರೆಲ್ಲ ಒಂದೇ ಕ್ಷಣದಲ್ಲಿ ಒಂದೂವರೆ ಪಟ್ಟು ಶ್ರೀಮಂತರಾದರು. ಎಲ್ಲರ ಹಣ ಸಂಗ್ರಹಿಸಿದೆ. ಆಮೇಲೆ ನನ್ನ ಒಳಜೇಬಿನಿಂದ ಅಮ್ಮನ ಆರುನೂರನ್ನೂ ತೆಗೆದೆ.

ಗಿರಿಜಾ ನನ್ನ ತೋಳು ಹಿಡಿದಳು.

"ಅಮ್ಮನ ರೊಕ್ಕ ಯಾಕ ತಗೀತೀರಿ? ಅದು ಕಾಶಿಯೊಳಗ ಬೇಕಾದ್ದು. ಕಾಶಿ ನಮ್ಮ ದೇಶದಾಗ ಐತಿ."

"ನಿನಗ ಲೆಕ್ಕ ತಿಳಿಯೂದಿಲ್ಲ. ಒಂದ ಚೀಲದಾಗ ಎರಡು ನಮೂನಿ ರೊಕ್ಕ ಇಟ್ರ ಲೆಕ್ಕ ಕಲಸಿ ಹೋಗ್ತೈತಿ. ಎಲ್ಲಾ ಒಂದ ನಮೂನಿ ಇರಬೇಕು."

"ಲೆಕ್ಕ ಕಲಸ್ತೈತಿ ಅಂತ ಅನ್ನಾನೂ ಸಾರೂ ಬ್ಯಾರೆ ಬ್ಯಾರೆ ದಿನ ಉಣ್ತೀರೇನು?"

ಇಂತಹ ಪ್ರಶ್ನೆಗಳಿಗೆ ಖಜಾಂಚಿಗಳು ಉತ್ತರಿಸುವುದಿಲ್ಲ. ಆರುನೂರು ಕೊಟ್ಟೆ, ಎಂಟುನೂರಾ ಎಪ್ಪತ್ತು ತಂದೆ. ಕಿರೀಟ ತೊಟ್ಟ ರಾಜನ ಚಿತ್ರದ ಗರಿಗರಿ ನೋಟುಗಳು. ಎಂಟುನೂರಾ ಎಪ್ಪತ್ತನ್ನು ಹನ್ನೆರಡರಿಂದ ಭಾಗಿಸಿದೆ. ಎಪ್ಪತ್ತೆರಡು ಮಂದಿ! ಮುತ್ಯಾನ ಪಂಕ್ತಿಗೆ ಇನ್ನೂ ಇಪ್ಪತ್ತೆರಡು ಎಲೆ ಹಾಕಿಸಿದೆನಲ್ಲಾ ಎಂದು ನನ್ನ ಕಣ್ಣು ತುಂಬಿ ಬಂತು. ಡೈರಿಯಲ್ಲಿ ಹಾಗೆಯೇ ಬರೆದೆ. ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ನನಗೆ ಬಹುಮಾನ ಬಂದಿತ್ತು ಎಂಬುದನ್ನು ಇಲ್ಲಿ ಹೇಳಬಾರದು.

ಕಠ್ಮಂಡುವಿನಲ್ಲಿ ಮೊದಲ ಪೆಟ್ಟು ಬಿತ್ತು. ದೇವರ ದರ್ಶನ ಮುಗಿಸಿ ಪೇಟೆಗೆ ಹೋದಾಗ ಗಿರಿಜಾ ಮಡಚುವ ಛತ್ರಿಯೊಂದನ್ನು ಆರಿಸಿ, ತನ್ನ ಪರ್ಸಿನಿಂದ ನಮ್ಮ ದೇಶದ ಐವತ್ತರ ನೋಟು ತೆಗೆದು ಅಂಗಡಿಯವನಿಗೆ ಕೊಟ್ಟಳು.

"ಇದು ಎಲ್ಲಿಂದ ಬಂತು? ನಾ ಎಲ್ಲಾರ ರೊಕ್ಕ ಇಸಗೊಂಡಿದ್ನೆಲ್ಲ!"

"ಕುಷ್ಟಗಿಯಿಂದ ಬರೂಮುಂದ ನಮ್ಮಪ್ಪ ಕೊಟ್ಟಿದ್ದು."

"ಹುಚ್ಚಿ, ಇಲ್ಲಿ ಇದು ನಡ್ಯಾಂಗಿಲ್ಲ!"

ಅಂಗಡಿಯವನು ನೋಟನ್ನು ಹಣೆಗೊತ್ತಿಕೊಂಡು ಗಲ್ಲೆಗೆ ಹಾಕಿ, ಚಿಲ್ಲರೆ ಎಣಿಸಿ ಕೊಟ್ಟ.

"ನಡೀತಲ್ರಿ," ಎಂದಳು ಗಿರಿಜಾ.

ಆ ಊರಿನಲ್ಲಿ ನಮ್ಮ ರೂಪಾಯಿ ಎಲ್ಲೆಡೆ ನಡೆಯುತ್ತಿತ್ತು. ನೂರಕ್ಕೆ ನೂರಾ ನಲವತ್ತೈದರ ಲೆಕ್ಕ ಹಾಲು ಮಾರುವವಳಿಗೂ ಬಾಯಿಪಾಠ. ಹಾಗಾದರೆ ನಾನು ಬಿಸಿಲಲ್ಲಿ ಎರಡು ತಾಸು ನಿಂತು ಮಾಡಿದ ಘನಕಾರ್ಯವೇನು? ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಟಾರ್ಚು, ನೈಲಾನ್ ಸೀರೆ, ಸ್ವೆಟರು ಕೊಳ್ಳುವುದರಲ್ಲಿ ಮುಳುಗಿ, ಹೊರಡುವ ದಿನಕ್ಕೆ ಕೈಯಲ್ಲಿದ್ದ ನೇಪಾಳಿ ಹಣವನ್ನು ಕೊನೆಯ ಪೈಸೆಯವರೆಗೆ ಖಾಲಿ ಮಾಡಿದ್ದರು. ದುಂದುಗಾರರು ಎಂದು ಮನಸ್ಸಿನಲ್ಲೇ ಮರುಗಿದೆ. ಇಡೀ ಬಸ್ಸಿನಲ್ಲಿ ಹಣ ಉಳಿಸಿದವನು ನಾನೊಬ್ಬನೇ!

ನವೆಂಬರ್ ೨೨, ಮಂಗಳವಾರ. ವಾಪಸು ಬರುವಾಗ ಅದೇ ಗಡಿ. ನೇಪಾಳದ ಕಡೆ ಒಂದು ಕೌಂಟರ್ ಇತ್ತು. ಉದ್ದನೆಯ ಸಾಲು. ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ನಮ್ಮ ದೇಶ ಹತ್ತು ಹೆಜ್ಜೆ ದೂರದಲ್ಲಿರುವಾಗ ಇಲ್ಲೇಕೆ ನಿಲ್ಲಬೇಕೆಂದು ದಾಟಿಬಿಟ್ಟೆ. ಅಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಎಚ್ಚರವಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ.

ನಮ್ಮ ಕಡೆಯ ಮೇಜಿನವನು, ಹೋಗುವಾಗ ನಗುನಗುತ್ತ ಕೊಟ್ಟವನೇ, ಈಗ ನನ್ನ ನೋಟುಗಳನ್ನು ನೋಡಿ ಮುಖ ಹುಳ್ಳಗೆ ಮಾಡಿದ. ನೂರು ಬೇಕಾದರೆ ನೂರಾ ಐವತ್ತೆರಡು ಕೊಡಬೇಕಂತೆ. ನೂರಕ್ಕೆ ಏಳು ಹೆಚ್ಚು! ಲೆಕ್ಕ ಹಾಕಿದೆ. ಒಟ್ಟಿಗೆ ಇಪ್ಪತ್ತೇಳು ರೂಪಾಯಿ ಚಿಲ್ಲರೆ ನಷ್ಟ. ಅಂದರೆ ಇಬ್ಬರ ಊಟ. ಕಾಶಿಯಲ್ಲಿ ಎಲೆಯ ಮುಂದೆ ಕೂತ ಇಬ್ಬರನ್ನು ಕೈಹಿಡಿದು ಎಬ್ಬಿಸಿದಂತೆ ನನಗೆ ಕಂಡಿತು.

"ಇದು ಹಗಲುದರೋಡಿ!" ಎಂದೆ. ಅವನಿಗೆ ಕನ್ನಡ ಬಾರದು, ಭಾವ ಮುಟ್ಟಿತು. ಅವನೂ ಏನೋ ಅಂದ. ಅದೂ ನನಗೆ ಮುಟ್ಟಿತು.

ಶಿವಪ್ಪ ಕಾಕಾ ಬಸ್ಸಿನಿಂದ ಇಳಿದು ಬಂದರು. "ಮಲ್ಲಪ್ಪಾ, ಏಳು ರೂಪಾಯಿ ಹೋದ್ರ ಹೋಗ್ಲಿ ಬಾರೋ ಮಾರಾಯಾ. ಹೊತ್ತಾತು."

"ಕಾಕಾ, ಪ್ರಶ್ನಿ ಏಳು ರೂಪಾಯಿದಲ್ಲ, ತತ್ವದ್ದು. ಮುಂದ ದೊಡ್ಡ ದೊಡ್ಡ ಊರು ಅದಾವ. ಬ್ಯಾಂಕಿನ್ಯಾಗ ಸರಕಾರಿ ದರಕ್ಕ ಕೊಡ್ತಾರ."

ತತ್ವವನ್ನು ಎತ್ತಿಕೊಂಡು ಬಸ್ ಹತ್ತಿದೆ. ಮರುದಿನ ದಾರಿಯಲ್ಲಿ ಸಿಕ್ಕ ದೊಡ್ಡ ಊರಿನ ಬ್ಯಾಂಕಿಗೆ ಹೋದೆ. ಅಲ್ಲಿಯ ಗುಮಾಸ್ತ ನನ್ನ ನೋಟನ್ನು ಬೆಳಕಿಗೆ ಹಿಡಿದು, ಪಕ್ಕದವನಿಗೆ ತೋರಿಸಿ, ಇಬ್ಬರೂ ನನ್ನನ್ನು ನೋಡಿ, ಗಡಿಗೇ ಹೋಗು ಎಂದು ಕೈ ತೋರಿಸಿದರು. ಗಡಿ ನೂರು ಕಿಲೋಮೀಟರ್ ಹಿಂದೆ ಉಳಿದಿತ್ತು. ಎರಡನೆಯ ಬ್ಯಾಂಕಿನಲ್ಲಿ ಒಳಗೇ ಬಿಡಲಿಲ್ಲ. ಕಾಶಿಯಲ್ಲಿ ಮೂರು ಬ್ಯಾಂಕು, ಒಂದು ಚಿನ್ನದಂಗಡಿ, ಕೊನೆಗೆ ಒಂದು ಲಸ್ಸಿ ಅಂಗಡಿ. ಲಸ್ಸಿಯವನು ಒಂದು ನೋಟು ಕೇಳಿದ, ಗೋಡೆಗೆ ಅಂಟಿಸಲು. ಪುಕ್ಕಟೆಯಾಗಿ!

ನವೆಂಬರ್ ೨೫, ಶುಕ್ರವಾರ ಬೆಳಿಗ್ಗೆ. ಅಮ್ಮ ಗಂಗೆಯಲ್ಲಿ ಮಿಂದು, ಒದ್ದೆ ಕೂದಲು ಗಂಟು ಹಾಕಿ, ಛತ್ರದ ಕಟ್ಟೆಯ ಮೇಲೆ ಬಂದು ಕೂತಳು.

"ತಮ್ಮಾ, ಊಟಕ್ಕ ಹೇಳಿ ಬಂದ್ಯಾ? ಎಮ್ಮಿ ಕೊಡು."

ನೋಟುಗಳನ್ನು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಹೇಳುವಾಗ ತತ್ವದ ಭಾಗ ಬಿಟ್ಟೆ. ಅದನ್ನು ಗಿರಿಜಾ ಸೇರಿಸಿದಳು.

ಅಮ್ಮ ಒಂದು ನೋಟನ್ನು ಎತ್ತಿ ಮುದುರಿ ನೋಡಿದಳು.

"ಹೊಳಿ ದಾಟೂಕಿಂತ ಮೊದ್ಲ ಬದಲಿ ಮಾಡ್ಕೋ ಅಂತ ಹೇಳಿದ್ನೆಲ್ಲ?"

"ಮಾಡ್ಕೊಂಡೆ ಅಮ್ಮಾ. ದಾಟೂಕಿಂತ ಮೊದ್ಲ ಮಾಡ್ಕೊಂಡೆ."

"ತಿರಗಿ ಬರೂಮುಂದ ಹೊಳಿ ಇರಲಿಲ್ಲೇನು?"

ಅಷ್ಟು ದೊಡ್ಡ ಗಂಗೆ ಎದುರಿಗೇ ಹರಿಯುತ್ತಿತ್ತು. ಹಾರಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಈಜೂ ಬರುವುದಿಲ್ಲ.

"ನಿಜಾಮನ ಸಿಕ್ಕಾ ಬೆಳ್ಳೀದಿತ್ತು," ಎಂದಳು ಅಮ್ಮ. "ನಡೀಲಿಲ್ಲಂದ್ರ ಕರಗಿಸಿ ಕಾಲುಂಗರ ಮಾಡ್ಸಬಹುದಿತ್ತು. ಇದನ್ನ ಏನು ಮಾಡ್ಸಲಿ?"

"ಅಮ್ಮಾ, ಕಾಕಾನ ಕಡೆ ಕಡಾ ಇಸ್ಕೋತೀನಿ. ಊರಿಗೆ ಹೋದ ಮ್ಯಾಲೆ ನನ್ನ ಪಗಾರದಾಗ ತೀರಸ್ತೀನಿ."

"ನಿನ್ನ ಪಗಾರದಾಗ ಉಣಿಸಿದ್ರ ಅದು ನಿನ್ನ ಪುಣ್ಯೇ. ನಿನ್ನ ಮುತ್ಯಾ ಮಂದಿ ರೊಕ್ಕದಾಗ ಒಂದು ಬೀಡಿ ಸೇದಿದಾಂವ ಅಲ್ಲ. ಅಂವ ಹಾಲು ಕರದ ಎಮ್ಮಿ, ಆ ಎಮ್ಮಿ ರೊಕ್ಕಾನ ಆಗಬೇಕು."

ಹೀಗೆಂದು ಅವಳು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅದರೊಳಗಿನ ಇನ್ನೊಂದು ಗಂಟು ಬಿಚ್ಚಿ, ಸುಣ್ಣ ಮೆತ್ತಿದ ನೋಟುಗಳನ್ನು ಹೊರತೆಗೆದಳು. ನಮ್ಮ ದೇಶದ ನೋಟುಗಳು! ನೂರಾ ಮೂವತ್ತೈದು ರೂಪಾಯಿ.

"ಇದು ಎಲ್ಲೀದು?"

"ಇದೂ ಎಮ್ಮೀದ. ಮಾರಿದ್ದು ಏಳುನೂರಾ ಮೂವತ್ತೈದಕ್ಕ. ನಿನಗ ಆರುನೂರು ಅಂತ ಹೇಳಿದ್ದೆ."

"ಯಾಕಮ್ಮಾ?"

"ನೀ ಭಾಳ ಶಾಣ್ಯಾ ಅದಿ ಅಂತ."

ಬಸ್ಸಿಗೆ ಬಸ್ಸೇ ನಂಬಿದ ನನ್ನ ಲೆಕ್ಕದ ಮೊದಲನೆಯ ಸಾಲೇ ತಪ್ಪಾಗಿತ್ತು.

ಅವತ್ತು ಮಧ್ಯಾಹ್ನ ಮುತ್ಯಾನ ಹೆಸರಿನಲ್ಲಿ ಹನ್ನೊಂದು ಮಂದಿ ಊಟ ಮಾಡಿದರು. ಉಳಿದ ಮೂರು ರೂಪಾಯಿಗೆ ಎಲೆಅಡಿಕೆ ತಂದೆವು. ಸಾರು ಬಡಿಸುವ ಕೆಲಸ ನನ್ನದು. ಎಪ್ಪತ್ತೆರಡು ಎಲೆ ಲೆಕ್ಕ ಹಾಕಿದವನು ಹನ್ನೊಂದನೆಯ ಎಲೆಗೆ ಬಂದು ನಿಂತಾಗ, ಅಮ್ಮ ಅದರ ಮುಂದಿನ ಖಾಲಿ ನೆಲವನ್ನು ನೋಡುತ್ತಿದ್ದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಕೊಪ್ಪಳದಲ್ಲಿ ಬ್ಯಾಂಕಿನವರು ನೋಟನ್ನು ತಿರುಗಿಸಿ ನೋಡಿ, "ಇದು ಯಾವ ನಾಟಕ ಕಂಪನಿ ಟಿಕೀಟ್ರೀ?" ಎಂದರು. ಯಲಬುರ್ಗಾದ ಬಟ್ಟೆ ವ್ಯಾಪಾರಿಯೊಬ್ಬರು ವರ್ಷಕ್ಕೊಮ್ಮೆ ನೇಪಾಳಕ್ಕೆ ಹೋಗಿ ಮಾಲು ತರುತ್ತಾರೆಂದು ಕೇಳಿ ಅಲ್ಲಿಗೆ ಓಡಿದೆ. ಅವರು ನನ್ನನ್ನು ಮೂಲೆಗೆ ಕರೆದು, "ಮೆಲ್ಲಕ ಮಾತಾಡ್ರಿ. ಮಾಲು ಗದಗಿಂದು. ನೇಪಾಳ ಅಂದ್ರ ಲಗೂ ಖರ್ಚಾಗ್ತಾವ," ಎಂದರು. ಕುಷ್ಟಗಿಯಲ್ಲಿ ನನ್ನ ಮಾವ ಒಂದು ನೋಟು ಇಸಿದುಕೊಂಡು ಬಜಾರದ ತುಂಬ ತೋರಿಸಿ, "ನಮ್ಮ ಅಳಿಯಾ ಫಾರಿನ್‌ಗೆ ಹೋಗಿ ಬಂದಾನ್ರೀ," ಎಂದು ಮೆರೆದರು. ನೋಟು ವಾಪಸು ಕೊಡುವಾಗ ಗಿರಿಜಾ ಎಲ್ಲ ವಿಷಯ ಹೇಳಿದಳು. ಈಗ ಅವರು ನನ್ನನ್ನು 'ಖಜಾಂಚಿಗಳು' ಎನ್ನುತ್ತಾರೆ.

ಕೊನೆಯ ಆಸೆ ಗಂಗಾವತಿ. ಅಲ್ಲಿಯ ಅಕ್ಕಿ ಗಿರಣಿಯೊಂದರ ಕಾವಲಿಗೆ ಗೂರ್ಖಾ ಇದ್ದಾನೆಂದು ತಿಳಿಯಿತು. ಗೂರ್ಖಾ ಎಂದರೆ ನೇಪಾಳದವನೇ, ಊರಿಗೆ ಹೋಗಿಯೇ ಹೋಗುತ್ತಾನೆ! ಮಿಠಾಯಿ ಪೊಟ್ಟಣ ಹಿಡಿದು ಹೋದೆ. ಗೇಟಿನಲ್ಲಿ ಓರೆ ಟೊಪ್ಪಿಗೆ, ಖಾಕಿ ಕೋಟು, ಸೊಂಟದಲ್ಲಿ ಕತ್ತಿ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಹಿಂದಿಯಲ್ಲಿ ಅರ್ಧ ತಾಸು ನನ್ನ ದುಃಖ ತೋಡಿಕೊಂಡೆ. ಅವನು ತಾಳ್ಮೆಯಿಂದ ಕೇಳಿ, ಆಚೆ ಈಚೆ ನೋಡಿ, ಹತ್ತಿರ ಬಂದ.

"ಕನ್ನಡದಾಗ ಹೇಳ್ರಲ್ಲ ಸಾಹೇಬ್ರ. ನಾ ಕನಕಗಿರಿ ಹನುಮಪ್ಪರೀ. ಗೂರ್ಖಾ ಅಂದ್ರ ಕಳ್ಳರು ಅಂಜತಾರಂತ ಸಾವ್ಕಾರ್ರು ಟೊಪಿಗಿ ಹಾಕ್ಯಾರ."

ಮಿಠಾಯಿ ಅವನಿಗೇ ಕೊಟ್ಟೆ. ಮಕ್ಕಳಿಗೆ ತೋರಿಸಲು ಒಂದು ಐದರ ನೋಟನ್ನೂ ಕೇಳಿದ. ಅದನ್ನೂ ಕೊಟ್ಟೆ. ನಾಲ್ಕು ತಾಲೂಕು ಸುತ್ತಿದ ನನಗೆ ಆ ನೋಟನ್ನು ಖುಷಿಯಿಂದ ತೆಗೆದುಕೊಂಡವನು ಅವನೊಬ್ಬನೇ.

ಈಗ ಟ್ರಂಕಿನಲ್ಲಿ ನೇಪಾಳದ ಎಂಟುನೂರಾ ಅರವತ್ತೈದು ರೂಪಾಯಿ ಇದೆ. ಮನೆಗೆ ಯಾರೇ ಬರಲಿ, ಚಹಾ ಕೊಟ್ಟ ಮೇಲೆ ಅಮ್ಮ ನನ್ನನ್ನು ಕರೆಯುತ್ತಾಳೆ.

"ತಮ್ಮಾ, ಕಾಶಿಯಾಗ ಇನ್ನಾ ಎಷ್ಟು ಮಂದಿ ಉಣ್ಣೂದು ಬಾಕಿ ಐತಿ?"

"ಮೂವತ್ತೊಂಬತ್ತು, ಅಮ್ಮಾ."

"ಹಾಂ. ಲೆಕ್ಕ ಮಾತ್ರ ಛಲೋ ಇಡ್ತಾನ ನೋಡ್ರಿ."

ಓದುಗರಲ್ಲಿ ಯಾರಾದರೂ ನೇಪಾಳಕ್ಕೆ ಹೊರಟಿದ್ದರೆ, ಅಥವಾ ಈ ನೋಟುಗಳನ್ನು ನಮ್ಮ ರೂಪಾಯಿ ಮಾಡಿಕೊಡುವ ಜಾಗ ಬಲ್ಲವರಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಮೂವತ್ತೊಂಬತ್ತು ಮಂದಿ ಎಲೆಯ ಮುಂದೆ ಕಾಯುತ್ತಿದ್ದಾರೆ. ಕಾರ್ಡಿನ ಮೇಲೆ ಗಿರಿಜಾಳ ಹೆಸರು ಹಾಕಿ, ಖಜಾನೆ ಈಗ ಅವಳ ಕೈಯಲ್ಲಿದೆ. ನೂರಕ್ಕೆ ಏಳು ಹೆಚ್ಚು ಕೇಳಿದರೂ ನಾನು ಜಗಳ ತೆಗೆಯುವುದಿಲ್ಲ. ಹದಿನಾಲ್ಕು ಕೇಳಿದರೂ ತೆಗೆಯುವುದಿಲ್ಲ.