ತಿನ್ನದವಳು ಮಾಡಿದ ತತ್ತಿ

ಕಡೆಯ ಸಾದಾ ದಿನ ಯಾವುದೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಗೊತ್ತಿದ್ದರೆ ನಾನು ಆ ರವಿವಾರ ತತ್ತಿಗೆ ಉಪ್ಪನ್ನಾದರೂ ಸರಿಯಾಗಿ ಹಾಕುತ್ತಿದ್ದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ಅವತ್ತು ಎಂದಿನಂತೆ ಪಡಸಾಲೆಯಲ್ಲಿ ಕರೆಂಟಿನ ಮಗ್ಗ ಬಡಿಯುತ್ತಿತ್ತು, ಹಿತ್ತಲಿನ ಸ್ಟೋವಿನ ಮೇಲೆ ತತ್ತಿ ಕುದಿಯುತ್ತಿತ್ತು. ತತ್ತಿಗೆ ನಮ್ಮ ಅಡುಗೆಮನೆಯೊಳಗೆ ಪ್ರವೇಶವಿಲ್ಲ. ಪಂಢರಪುರದ ತುಳಸಿಮಾಲೆ ಕೊರಳಿಗೆ ಬಿದ್ದಂದಿನಿಂದ ನಾನು ಅದನ್ನು ತಿನ್ನುವುದಿಲ್ಲ. ನಮ್ಮವರಿಗೆ ಅದಿಲ್ಲದೆ ರವಿವಾರ ಮುಗಿಯುತ್ತಿರಲಿಲ್ಲ. ಹಾಗಾಗಿ ತಿನ್ನದ ನಾನು ಮಾಡುವುದು, ಮಾಡಲು ಬಾರದ ಅವರು ತಿನ್ನುವುದು ಎಂದು ನಮ್ಮೊಳಗೆ ರಾಜಿಯಾಗಿತ್ತು.

ಒಮ್ಮೆ ಅವರು ಫೋನಿನಲ್ಲಿ ಎಂಥದೋ ಪರದೇಶದ ಅಡುಗೆ ನೋಡಿ ಬಂದರು. ಕುದಿಸಿದ ತತ್ತಿಯನ್ನು ಸೀಳಿ, ಒಳಗಿನ ಹಳದಿ ತೆಗೆದು, ಬಿಳಿ ಸಾಸಿನಲ್ಲಿ ಕಲಸಿ ಮತ್ತೆ ಅಲ್ಲೇ ತುಂಬುವುದು. "ಆ ಸಾಸು ಎಲ್ಲಿಂದ ತರ್ಲಿರಿ?" ಎಂದೆ. "ಬದನಿಕಾಯಿ ತುಂಬಾಕಿಗೆ ತತ್ತಿ ತುಂಬಾಕ ಬರೂದಿಲ್ಲೇನು?" ಎಂದರು. ಹೆಂಗಸಿನ ಕೈಗೆ ಹೀಗೆ ಸವಾಲು ಹಾಕಬಾರದು. ಸಾಸಿನ ಬದಲು ಕೆನೆಮೊಸರು, ಅದರೊಳಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಮುಂದಿನ ವಾರ ಅಗಸಿ ಹಿಂಡಿ. ಆಮೇಲೆ ಕೆಂಪು ಮೆಣಸಿನಕಾಯಿ ಚಟ್ನಿ, ಹಸಿ ಮೆಂತೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಗುರೆಳ್ಳು ಹಿಂಡಿ ಹಾಕಿದ ದಿನ ಹಳದಿಯೆಲ್ಲ ಕಪ್ಪಾಯಿತು. "ತತ್ತಿಗೆ ಗ್ರಹಣ ಹಿಡದೈತಲ್ಲ" ಎಂದರು. ಗ್ರಹಣ ಬಿಡುವ ತನಕ ಕಾಯದೆ ತಟ್ಟೆ ಖಾಲಿ ಮಾಡಿದರು.

ಇಷ್ಟೆಲ್ಲ ರುಚಿ ಕಟ್ಟಿದ ನನಗೆ ಒಂದರ ರುಚಿಯೂ ಗೊತ್ತಿಲ್ಲ. ಒಂದು ಹೋಳನ್ನು ಮಗ್ಗದ ಹತ್ತಿರ ಒಯ್ದು ಅವರ ಬಾಯಿಗಿಟ್ಟು ನಿಲ್ಲುತ್ತಿದ್ದೆ. ಮಗ್ಗ ನಡೆಯುವಾಗ ಮಾತು ಕೇಳುವುದಿಲ್ಲ. ನೇಕಾರರ ಮನೆಯಲ್ಲಿ ಕೈಯೇ ಮಾತಾಡುತ್ತದೆ. ಬಾಯಿಯ ಮುಂದೆ ಗಾಳಿ ಬೀಸಿಕೊಂಡರೆ ಖಾರ ಜಾಸ್ತಿ, ಎರಡು ಬೆರಳು ತಿಕ್ಕಿದರೆ ಉಪ್ಪು ಕಡಿಮೆ, ಎದೆ ತಟ್ಟಿಕೊಂಡರೆ ಸರಿಯಾಗಿದೆ. ಒಂದು ಸಲ ನೂಲು ಹರಿದಿದೆ, ಗಂಟು ಹಾಕಬೇಕು ಎಂದು ಮಗನಿಗೆ ಬೆರಳು ತಿಕ್ಕಿ ತೋರಿಸಿದ್ದನ್ನು ನಾನು ನೋಡಿ ಇನ್ನೊಂದು ಚಿಟಿಕೆ ಉಪ್ಪು ಸುರಿದಿದ್ದೆ. ಆ ದಿನ ಅವರು ಮಗ್ಗ ನಿಲ್ಲಿಸಿ ನೀರು ಕುಡಿದರು.

ಆ ಕಡೆಯ ರವಿವಾರ ಅವರು ಬೆರಳು ತಿಕ್ಕಿದ್ದು ನನಗೇ. "ಮುಂದಿನ ವಾರ ನೆಟ್ಟಗ ಹಾಕ್ತೇನ್ರಿ" ಎಂದು ಕೂಗಿದೆ. ಮಗ್ಗದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಸೋಮವಾರ ಬೆಳಗಾಗುವಷ್ಟರಲ್ಲಿ ಎದೆನೋವು ಬಂತು, ದವಾಖಾನೆ ಮುಟ್ಟುವ ಮೊದಲೇ ಹೋದರು.

ದಿನಕರ್ಮ ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಸ್ಟೋವು ಹಚ್ಚಿದೆ. ಈಗ ಮಗ್ಗದ ಮುಂದೆ ಮಗ ನಿಂತಿರುತ್ತಾನೆ. ಅಗಸಿ ಕೊಟ್ಟೆ, ಮಗ್ಗ ನಿಲ್ಲಿಸಿ "ಛಲೋ ಆಗೈತಿ ಬೇ" ಎಂದ. ಶೇಂಗಾ ಕೊಟ್ಟೆ, "ಛಲೋ ಆಗೈತಿ ಬೇ." ನನಗೆ ಸಂಶಯ ಬಂತು. ಒಂದು ವಾರ ಬೇಕೆಂದೇ ಉಪ್ಪು ಹಾಕಲಿಲ್ಲ. ಪಾಪ, ಕಣ್ಣು ಮುಚ್ಚಿ ನುಂಗಿ, "ಭಾಳ ಛಲೋ ಆಗೈತಿ ಬೇ" ಎಂದ. ನಾನು ನೊಂದುಕೊಂಡೇನೆಂದು ಹುಡುಗ ಸಪ್ಪೆ ತತ್ತಿ ತಿನ್ನುತ್ತಿದ್ದಾನೆ. ಅವನನ್ನು ಬೈಯುವುದು ಹೇಗೆ?

ಪಕ್ಕದ ಮನೆಯ ಗಂಗಾ ವೈನಿಗೆ ಹೇಳಿಕೊಂಡೆ. "ನೀನಽ ಒಂದೀಟು ನಾಲಿಗಿಗೆ ಹಚ್ಚಿ ನೋಡಬಾರದ? ವಿಠ್ಠಲ ಏನ್ ನಿನ್ನ ಬಾಯಿ ತಗದು ನೋಡ್ತಾನು?" ಎಂದರು.

"ಅವ ನೋಡೂದಿಲ್ರಿ ವೈನಿ. ನೋಡಿದ್ರೂ ಉಪ್ಪು ಕಡಿಮಿ ಐತಿ ಅಂತ ಹೇಳಾಂವ ಅಲ್ಲ" ಎಂದೆ. ಇಬ್ಬರೂ ನಕ್ಕೆವು. ವೈನಿ ಮೊದಲು ನಗು ನಿಲ್ಲಿಸಿದರು.

ಹೋದ ರವಿವಾರ ಹುರಿದ ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹೊಸದೊಂದು ಮಾಡಿದೆ. ಘಮ ಚೆನ್ನಾಗಿಯೇ ಬಂತು. ಒಂದು ಹೋಳು ಹಿಡಿದು ಮಗ್ಗದ ಹತ್ತಿರ ಹೋಗಿ, ಮಗನ ಮುಖ ನೋಡದೆ, ಅಭ್ಯಾಸಬಲದಿಂದ ಅವನ ಕೈಯನ್ನೇ ನೋಡುತ್ತ ನಿಂತೆ. ಕೈ ತನ್ನ ಪಾಡಿಗೆ ನೂಲು ಹಿಡಿದುಕೊಂಡಿತ್ತು. ರುಚಿಗಳೇನೋ ಏಳು ತರಹ ಆಗಿವೆ. ಉಪ್ಪು ಕಡಿಮೆ ಎನ್ನುವವರು ಮಾತ್ರ ಇಲ್ಲ.